ಕಂಡ ರೋಗ, ಕಾಣದ ರೋಗ: ನಮ್ಮ ಐದು ತಾಲ್ಲೂಕುಗಳ ದನಗಳ ಚರಿತ್ರೆ ಹೇಳುವುದೇನು?

2022ರಲ್ಲಿ ಚರ್ಮಗಂಟು ರೋಗ ನಮ್ಮ ಕಡೆ ಬಂದಾಗ ಅದು ಬಂದಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ತಾಲ್ಲೂಕಿಗೆ ಹೋದರೂ ಮೈತುಂಬ ಗಂಟೆದ್ದ ದನ ಕೊಟ್ಟಿಗೆಯಲ್ಲಿ ನಿಂತಿರುತ್ತಿತ್ತು. ಜನ ಬೇವಿನ ಸೊಪ್ಪು ಕಟ್ಟಿದರು, ಅರಿಶಿನ ಹಚ್ಚಿದರು, ಡಾಕ್ಟರಿಗೆ ಫೋನ್ ಮಾಡಿದರು. ಸರ್ಕಾರ ದನದ ಸಂತೆ, ಜಾತ್ರೆಗಳಿಗೆ ತಡೆ ಹಾಕಿತು. ಕಣ್ಣಿಗೆ ಕಾಣುವ ರೋಗಕ್ಕೆ ಇದೊಂದು ಅನುಕೂಲ: ಸುದ್ದಿ ತಾನಾಗಿಯೇ ಹಬ್ಬುತ್ತದೆ, ಊರು ಎಚ್ಚರಗೊಳ್ಳುತ್ತದೆ.

ಈ ಬರಹ ಅದಕ್ಕೆ ತದ್ವಿರುದ್ಧವಾದ ರೋಗವೊಂದರ ಬಗ್ಗೆ. ಹಸುವಿನ ರಕ್ತದ ಬಿಳಿಕಣದೊಳಗೆ ಹೊಕ್ಕು, ಅಲ್ಲೇ ಜೀವಮಾನವಿಡೀ ಕುಳಿತು, ಬಹುಪಾಲು ದನಗಳಲ್ಲಿ ಹೊರಗೆ ಏನನ್ನೂ ತೋರಿಸದ ವೈರಸ್ ಅದು. ಹೆಸರು ಬೊವೈನ್ ಲ್ಯುಕೇಮಿಯಾ ವೈರಸ್, ಚಿಕ್ಕದಾಗಿ ಬಿಎಲ್‌ವಿ. ದನಗಳ ರಕ್ತ ಕ್ಯಾನ್ಸರಿನ ವೈರಸ್ ಎಂದರೆ ತಿಳಿಯುತ್ತದೆ. ಜಗತ್ತಿನ ಕೆಲವು ದೇಶಗಳು ಇದನ್ನು ಬೇರುಸಹಿತ ಕಿತ್ತಿವೆ. ಕೆಲವು ದೇಶಗಳಲ್ಲಿ ಹೈನು ಹಿಂಡುಗಳೆಲ್ಲ ಇದರಿಂದ ತುಂಬಿಹೋಗಿವೆ. ಈ ವ್ಯತ್ಯಾಸಕ್ಕೆ ದುಡ್ಡೊಂದೇ ಕಾರಣವಲ್ಲ. ಯಾರು ಹುಡುಕಿದರು, ಯಾರು ಹುಡುಕಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಹುಡುಕುವುದು ಎಂದರೇನು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕುಗಳ ದನಗಳ ಚರಿತ್ರೆಯಲ್ಲೇ ಆ ಪಾಠ ಇದೆ.

ದೊಡ್ಡರೋಗದ ಕಾಲ

ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದದ್ದು ಇಂಗ್ಲಿಷಿನವರ ರಿಂಡರ್‌ಪೆಸ್ಟ್. ಮೊದಲು ಜ್ವರ, ಆಮೇಲೆ ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಜೊಲ್ಲು, ಕೊನೆಗೆ ತಡೆಯಿಲ್ಲದ ಭೇದಿ. ಎರಡು ವಾರದೊಳಗೆ ದನ ಸಾಯುತ್ತಿತ್ತು, ಇಲ್ಲವೇ ಉಳಿದುಕೊಳ್ಳುತ್ತಿತ್ತು. ಉಳಿದ ದನಕ್ಕೆ ಆ ರೋಗ ಮತ್ತೆ ಬರುತ್ತಿರಲಿಲ್ಲ. ಎತ್ತು ಸತ್ತರೆ ಹೊಲ ಬೀಳು. ಹೊಲ ಬೀಳು ಬಿದ್ದರೆ ಮನೆ ಗುಳೆ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಆಗ ಮನುಷ್ಯರ ಜೊತೆ ದನಗಳೂ ಮೇವು ನೀರಿಲ್ಲದೆ ಸತ್ತವು. ಮಳೆ ಬಂದ ಮೇಲೂ ಹೊಲ ಉಳಲು ಎತ್ತಿಲ್ಲದ ಸ್ಥಿತಿ ಎಂದರೆ ಏನೆಂದು ಈ ಸೀಮೆಗೆ ಗೊತ್ತಿತ್ತು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಕೊಟ್ಟೂರು ತಾಲ್ಲೂಕಾದದ್ದು ತೀರ ಈಚೆಗೆ. ಭೂಪಟ ಬಿಡಿಸಿ ನೋಡಿದರೆ ಆ ಕಾಲದ ಕಷ್ಟ ಅರ್ಥವಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನಿಂತರೆ ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ. ಹೊಳೆಯ ಗುಂಟ ಕೆಳಗೆ ಹೋದರೆ ನಿಜಾಮನ ಸೀಮೆ. ಹರಪನಹಳ್ಳಿ ದಾಟಿದರೆ ಮೈಸೂರು ಸಂಸ್ಥಾನ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಕ್ಕೆ, ಶಿವರಾತ್ರಿಗೆ ಕುರುವತ್ತಿಗೆ, ತೇರಿಗೆ ಕೊಟ್ಟೂರಿಗೆ ಈ ನಾಲ್ಕೂ ಆಡಳಿತಗಳ ಬಂಡಿಗಳು ಬರುತ್ತಿದ್ದವು. ಬಂಡಿಗೆ ಎರಡೆರಡು ಎತ್ತು. ಒಂದೇ ಹೊಳೆದಂಡೆಯಲ್ಲಿ ನೀರು, ಒಂದೇ ಬಯಲಲ್ಲಿ ರಾತ್ರಿ. ಮನುಷ್ಯರ ಗಡಿಗೆ ಚೌಕಿಗಳಿದ್ದವು. ರೋಗಕ್ಕೆ ಯಾವ ಚೌಕಿಯೂ ಇರಲಿಲ್ಲ.

ಜನರಿಗೆ ಇದು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಹೊರಬೀಡು ಆಚರಣೆಯನ್ನು ನೋಡಿ. ಊರಿಗೆ ಊರೇ ದನಕರು ಸಮೇತ ಒಂದು ಹಗಲು ಮನೆಗೆ ಬೀಗ ಹಾಕಿ ಹೊರಗೆ ಹೋಗುತ್ತದೆ, ಹೊಲದಲ್ಲೇ ಅಡುಗೆ ಮಾಡಿಕೊಂಡು ಉಂಡು ಸಂಜೆ ಮರಳುತ್ತದೆ. ಮಾರಿಯನ್ನು ಗಡಿ ದಾಟಿಸುವುದೂ ಅಂಥದ್ದೇ. ಇದರಲ್ಲಿ ದೈವದ ನಂಬಿಕೆ ಇದೆ. ಜೊತೆಗೆ ರೋಗ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತದೆ ಎಂಬ ತಿಳಿವಳಿಕೆಯೂ ಇದೆ. ಹಾಗೆ ದಾಟಿಸಿದ ಮಾರಿ ಪಕ್ಕದ ಊರಿಗೆ ಹೋಗುತ್ತದಲ್ಲ ಎಂಬ ಪ್ರಶ್ನೆಗೆ ಮಾತ್ರ ಊರೊಂದೇ ಉತ್ತರ ಕೊಡಲಾಗದು. ಅದಕ್ಕೆ ಸೀಮೆಯೆಲ್ಲ ಒಂದಾಗಬೇಕು.

ಮದರಾಸು ಸರ್ಕಾರ 1866ರಲ್ಲೇ ದನಗಳಲ್ಲಿ ರೋಗ ಹರಡದಂತೆ ತಡೆಯಲು ಒಂದು ಕಾಯ್ದೆ ತಂದಿತು. 1871ರಲ್ಲಿ ಹ್ಯಾಲನ್ ಎಂಬ ಅಧಿಕಾರಿಯ ನೇತೃತ್ವದ ಆಯೋಗ ಭಾರತದ ದನಗಳ ಪಿಡುಗಿನ ಬಗ್ಗೆ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಶುರುವಾದ ಪ್ರಯೋಗಶಾಲೆ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಕ್ಷಯದ ಕ್ರಿಮಿ ಕಂಡುಹಿಡಿದ ರಾಬರ್ಟ್ ಕಾಕ್ 1897ರಲ್ಲಿ ಅಲ್ಲಿಗೆ ಬಂದು ಹೋದರು. ದೊಡ್ಡರೋಗಕ್ಕೆ ಮದ್ದು ಹುಡುಕುವುದೇ ಆ ಎತ್ತರದ ಬೆಟ್ಟದ ಮೇಲಿನ ಕೆಲಸ.

ರಕ್ತದ ಜೊತೆ ಬಂದದ್ದು

ಆ ಕಾಲದ ಚುಚ್ಚುಮದ್ದಿನ ವಿಧಾನ ಇಂದು ಕೇಳಿದರೆ ಗಾಬರಿಯಾಗುತ್ತದೆ. ರೋಗ ಬಂದು ಗುಣವಾದ ದನದ ರಕ್ತದಿಂದ ತೆಗೆದ ಸೀರಂ ಒಂದು ಕಡೆ ಚುಚ್ಚುವುದು. ರೋಗ ಇರುವ ದನದ ರಕ್ತವನ್ನೇ ಇನ್ನೊಂದು ಕಡೆ ಚುಚ್ಚುವುದು. ಸೀರಂ ಕಾಪಾಡುತ್ತದೆ, ರೋಗದ ರಕ್ತ ಜೀವಮಾನದ ರಕ್ಷಣೆ ಕೊಡುತ್ತದೆ ಎಂಬ ಲೆಕ್ಕ. ಲೆಕ್ಕ ಬಹುಮಟ್ಟಿಗೆ ಸರಿಯೇ ಇತ್ತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಇದಕ್ಕಾಗಿಯೇ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಕಟ್ಟಿತು. ಹೆಬ್ಬಾಳದಲ್ಲಿ ಇಂದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಎಂದು ಕರೆಯುವುದು ಅದನ್ನೇ.

ಆದರೆ ಒಂದು ತೊಡಕಿತ್ತು. ದನದ ರಕ್ತದಲ್ಲಿ ದೊಡ್ಡರೋಗದ ವೈರಸ್ ಒಂದೇ ಇರುವುದಿಲ್ಲ. ಉಣ್ಣೆಯಿಂದ ಬರುವ ಜ್ವರದ ಪರಾವಲಂಬಿಗಳೂ ಇರುತ್ತವೆ. ಒಂದು ರೋಗ ತಡೆಯಲು ಚುಚ್ಚಿದ ರಕ್ತ ಇನ್ನೊಂದು ರೋಗವನ್ನು ಹೊತ್ತು ತರುತ್ತಿತ್ತು. ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ ಅವರು ವೈರಸ್ಸನ್ನು ದನದ ಬದಲು ಆಡಿನಿಂದ ಆಡಿಗೆ ದಾಟಿಸುತ್ತಾ ಹೋಗಲು ಇದೂ ಒಂದು ಕಾರಣ. ಆಡಿನ ರಕ್ತದಲ್ಲಿ ದನದ ಆ ಪರಾವಲಂಬಿಗಳು ಬದುಕುವುದಿಲ್ಲ. ದಾಟಿಸುತ್ತಾ ದಾಟಿಸುತ್ತಾ ವೈರಸ್ಸಿನ ಬಿರುಸೂ ತಗ್ಗಿತು. 1920ರ ದಶಕದ ಕೊನೆಗೆ ಅದೇ ಲಸಿಕೆಯಾಯಿತು. ಮುಂದಿನ ಹಲವು ದಶಕ ಭಾರತದ ದನಗಳನ್ನು ಕಾಪಾಡಿದ್ದು ಈ ಆಡಿನ ಲಸಿಕೆ.

ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂದು ದನದ ರಕ್ತ ಇನ್ನೊಂದು ದನದ ಮೈಗೆ ಹೋದರೆ ನಾವು ಬಯಸಿದ್ದು ಮಾತ್ರ ಹೋಗುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಉಣ್ಣೆ ಜ್ವರಕ್ಕೆ ಕರುಗಳ ರಕ್ತದಿಂದ ಮಾಡುತ್ತಿದ್ದ ಲಸಿಕೆಯೊಂದರಲ್ಲಿ ಬಿಎಲ್‌ವಿ ಸೇರಿಕೊಂಡು ಸಾವಿರಾರು ದನಗಳಿಗೆ ಹರಡಿತು. ಸ್ವೀಡನ್ನಿನಲ್ಲೂ ರಕ್ತದಿಂದ ಮಾಡಿದ ಅಂಥ ಲಸಿಕೆಯೇ ಈ ವೈರಸ್ಸನ್ನು ಹಬ್ಬಿಸಿತೆಂದು ಸಂಶೋಧಕರು ಹೇಳುತ್ತಾರೆ. ಕಾಪಾಡಲು ಹೋದ ಸೂಜಿಯೇ ಕಾಯಿಲೆ ಕೊಟ್ಟಿತು.

ಇಲ್ಲ ಎಂದು ತೋರಿಸುವ ಕಷ್ಟ

1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷ, 1954ರಲ್ಲಿ, ದೇಶದಾದ್ಯಂತ ದೊಡ್ಡರೋಗ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಊರೂರಿಗೆ ಲಸಿಕೆ ಹಾಕುವವರು ಬಂದರು. ರೋಗ ಬಹಳ ಇಳಿಯಿತು. ಆದರೆ ಹೋಗಲಿಲ್ಲ. ದಕ್ಷಿಣದಲ್ಲಿ ಅದು ಮತ್ತೆ ಮತ್ತೆ ತಲೆ ಎತ್ತುತ್ತಿತ್ತು.

ಇಲ್ಲಿ ಕುರಿಗಳ ಕಥೆಯೂ ಬರುತ್ತದೆ. ಬಳ್ಳಾರಿ ತಳಿ ಎಂದು ಹೆಸರಿರುವ ಕಪ್ಪು ಬಿಳಿ ಉಣ್ಣೆಯ ಕುರಿ ನಮ್ಮ ಕಡೆಯದೇ. ಮಂದೆ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಕುರಿಗಾರರು ಇಲ್ಲಿ ಬಹಳ. ಕುರಿ ಆಡುಗಳಲ್ಲಿ ಭೇದಿ, ಬಾಯಿಹುಣ್ಣು ಕಂಡರೆ ದೊಡ್ಡರೋಗವೇ ಎಂದು ಬರೆದುಕೊಳ್ಳುತ್ತಿದ್ದ ಕಾಲ ಒಂದಿತ್ತು. 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಕಂಡ ರೋಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ದೊಡ್ಡರೋಗವಲ್ಲ, ಅದರ ಹತ್ತಿರದ ನೆಂಟನಾದ ಪಿಪಿಆರ್ ಎಂದು ಗೊತ್ತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು ಆ ಕೆಲಸ ಮಾಡಿದವರು. ಹೊರಗಿನ ಲಕ್ಷಣ ಒಂದೇ, ಒಳಗಿನ ವೈರಸ್ ಬೇರೆ. ಕಣ್ಣಿನಿಂದ ನೋಡುವುದಕ್ಕೆ ಒಂದು ಮಿತಿ ಇದೆ ಎಂಬುದು ಹೀಗೆ ನಮ್ಮ ಪಕ್ಕದಲ್ಲೇ ಸಾಬೀತಾಯಿತು.

1990ರ ದಶಕದಲ್ಲಿ ಯುರೋಪಿನ ನೆರವಿನೊಂದಿಗೆ ನಡೆದ ಕೊನೆಯ ಹಂತದ ಕೆಲಸ ಬೇರೆ ಬಗೆಯದು. ಊರೂರು ಹುಡುಕಾಟ. ದನ ಓಡಾಡುವ ದಾರಿಗಳಲ್ಲಿ ಹುಡುಕಾಟ. ‘ಕಣ್ಣೀರು, ಭೇದಿ, ಬಾಯಿಹುಣ್ಣು ಕಂಡಿರಾ?’ ಎಂದು ರೈತರನ್ನು ಕೇಳುವುದು, ಕೇಳಿದ್ದನ್ನು ದಾಖಲಿಸುವುದು. ದೇಶದ ಕೊನೆಯ ದೊಡ್ಡರೋಗ 1995ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿತು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಲಸಿಕೆ ಹಾಕುವುದನ್ನು ನಿಲ್ಲಿಸಿ, ಆಮೇಲೆ ಹುಟ್ಟಿದ ಕರುಗಳ ರಕ್ತ ತೆಗೆದು ಎಲೈಸಾ ಪರೀಕ್ಷೆ ಮಾಡಿದರು. ಲಸಿಕೆ ಹಾಕದ ಕರುವಿನಲ್ಲಿ ದೊಡ್ಡರೋಗದ ಪ್ರತಿಕಾಯ ಸಿಕ್ಕರೆ ವೈರಸ್ ಎಲ್ಲೋ ಉಳಿದಿದೆ ಎಂದರ್ಥ, ಸಿಗದಿದ್ದರೆ ಇಲ್ಲ. 2006ರಲ್ಲಿ ಭಾರತ ಸೋಂಕುಮುಕ್ತ ಎಂದು ಮಾನ್ಯವಾಯಿತು. 2011ರಲ್ಲಿ ಜಗತ್ತೇ ಮುಕ್ತ ಎಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಹೋದ ಎರಡನೆಯ ರೋಗ ಇದು.

ದೊಡ್ಡರೋಗ ಸೋತದ್ದೇಕೆ? ಅದು ಬಚ್ಚಿಟ್ಟುಕೊಳ್ಳುವ ರೋಗವಲ್ಲ. ಬಂದರೆ ಕಾಣುತ್ತಿತ್ತು. ಗುಣವಾದ ದನ ವೈರಸ್ ಹೊತ್ತು ತಿರುಗುತ್ತಿರಲಿಲ್ಲ. ಒಮ್ಮೆ ಹಾಕಿದ ಲಸಿಕೆ ಬಹುಕಾಲ ಉಳಿಯುತ್ತಿತ್ತು. ಬಿಎಲ್‌ವಿಯಲ್ಲಿ ಈ ಮೂರೂ ಇಲ್ಲ.

ಹಾಲಿನ ಹಸುಗಳು ಬಂದವು

ಎತ್ತು ಮುಖ್ಯವಾಗಿದ್ದ ಸೀಮೆಯಲ್ಲಿ ಹಾಲು ಮುಖ್ಯವಾದದ್ದು ಕಳೆದ ಐವತ್ತು ವರ್ಷಗಳ ಮಾತು. ಕ್ಷೀರಕ್ರಾಂತಿಯ ಕಾರ್ಯಕ್ರಮ 1970ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮ ಬಂತು, ಅದೇ ಮುಂದೆ ಹಾಲು ಮಹಾಮಂಡಳವಾಯಿತು. ಊರಲ್ಲಿ ಹಾಲಿನ ಡೇರಿ ಆದ ಮೇಲೆ ನಾಟಿ ಆಕಳ ಜಾಗಕ್ಕೆ ಎಚ್‌ಎಫ್, ಜರ್ಸಿ ಮಿಶ್ರತಳಿ ಬಂದವು. ಮಹಿಳಾ ಸಂಘದ ಸಾಲ, ಬ್ಯಾಂಕಿನ ಸಾಲ ಹಸುವಿನ ಮೇಲೆ ನಿಂತಿತು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಕೊಟ್ಟೂರು ಕಡೆಯ ಎಷ್ಟೋ ಮನೆಗಳಲ್ಲಿ ಹತ್ತು ದಿನಕ್ಕೊಮ್ಮೆ ಕೈಗೆ ಬರುವ ಹಾಲಿನ ಬಟವಾಡೆಯೇ ಮನೆ ನಡೆಸುತ್ತದೆ.

ಈ ಬದಲಾವಣೆಯ ಹಿಂದೆ ಬೆಂಗಳೂರಿನ ಬಳಿಯ ಹೆಸರಘಟ್ಟ ಇದೆ. 1960ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಅಲ್ಲಿ ಹೆಪ್ಪುಗಟ್ಟಿಸಿದ ವೀರ್ಯ ತಯಾರಿಸುವ ಮತ್ತು ತರಬೇತಿ ಕೊಡುವ ಕೇಂದ್ರ ಹುಟ್ಟಿತು. ದ್ರವ ಸಾರಜನಕದ ಕ್ಯಾನು ಬೈಕಿಗೆ ಕಟ್ಟಿಕೊಂಡು ಊರಿಗೆ ಬರುವ ಕೃತಕ ಗರ್ಭಧಾರಣೆ ಕಾರ್ಯಕರ್ತರ ಪರಂಪರೆ ಅಂಥ ಕಡೆಯಿಂದಲೇ ಬಂದದ್ದು.

ಅದೇ ಡೆನ್ಮಾರ್ಕ್ ಆ ಹೊತ್ತಿಗೆ ತನ್ನ ಹಸುಗಳ ರಕ್ತದಲ್ಲಿ ಇನ್ನೊಂದನ್ನು ಹುಡುಕುತ್ತಿತ್ತು.

ವೈರಸ್ಸನ್ನು ಕಂಡವರು

ದನಗಳ ಈ ರಕ್ತ ರೋಗವನ್ನು ಮೊದಲು ವಿವರಿಸಿದ್ದು ಜರ್ಮನಿಯ ಲೈಸರಿಂಗ್, 1871ರಲ್ಲಿ. ಹ್ಯಾಲನ್ ಆಯೋಗ ಇಲ್ಲಿ ದೊಡ್ಡರೋಗದ ವರದಿ ಕೊಟ್ಟ ವರ್ಷವೂ ಅದೇ. ಸತ್ತ ಹಸುವನ್ನು ಕೊಯ್ದು ನೋಡಿದಾಗ ಗುಲ್ಮ ಊದಿ, ಅದರೊಳಗೆ ಗಂಟುಗಳಿದ್ದವು. ಅಂದರೆ ಆಗ ರೋಗ ತಿಳಿಯುತ್ತಿದ್ದದ್ದು ಸತ್ತ ಮೇಲೆ.

ಬದುಕಿರುವ ಹಸುವಿನಲ್ಲಿ ಗುರುತಿಸುವ ದಾರಿ ತೋರಿಸಿದವರು ಡೆನ್ಮಾರ್ಕಿನ ಬೆಂಡಿಕ್ಸನ್. ಈ ಕ್ಯಾನ್ಸರ್ ಕೆಲವು ಹಿಂಡುಗಳಲ್ಲೇ ಮತ್ತೆ ಮತ್ತೆ ಬರುತ್ತದೆ, ಆ ಹಿಂಡಿನ ಮೇಲ್ನೋಟಕ್ಕೆ ಗಟ್ಟಿಮುಟ್ಟಾದ ಹಸುಗಳ ರಕ್ತದಲ್ಲೂ ಲಿಂಫೊಸೈಟ್ ಎಂಬ ಬಿಳಿಕಣಗಳ ಸಂಖ್ಯೆ ಹೆಚ್ಚಿರುತ್ತದೆ ಎಂಬುದನ್ನು ಅವರು ಗಮನಿಸಿದರು. ಹಸುವಿನ ವಯಸ್ಸಿಗೆ ಇಷ್ಟು ಕಣ ಸಹಜ, ಇಷ್ಟಕ್ಕಿಂತ ಮೇಲಾದರೆ ಶಂಕೆ ಎಂಬ ಪಟ್ಟಿ ತಯಾರಿಸಿದರು. ಒಂದು ಹಸುವಿನ ರೋಗ ಎನ್ನುವುದನ್ನು ಹಿಂಡಿನ ರೋಗ ಎಂದು ನೋಡಿದ್ದೇ ದೊಡ್ಡ ತಿರುವು. ಆಗ ವೈರಸ್ ಯಾರಿಗೂ ಸಿಕ್ಕಿರಲಿಲ್ಲ. ಆದರೂ 1959ರಿಂದ ಡೆನ್ಮಾರ್ಕ್ ಹಿಂಡುಗಳನ್ನು ಪರೀಕ್ಷಿಸಿ, ರೋಗದ ಹಿಂಡುಗಳನ್ನು ತೆಗೆಯತೊಡಗಿತು.

ವೈರಸ್ ಸಿಕ್ಕಿದ್ದು ಹತ್ತು ವರ್ಷದ ನಂತರ, 1969ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಜಾನಿಸ್ ಮಿಲ್ಲರ್ ಮತ್ತು ಸಂಗಡಿಗರು ರೋಗದ ಹಸುವಿನ ಬಿಳಿಕಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು. ಹಸುವಿನ ಮೈಯೊಳಗೆ ಅದು ಬಿಳಿಕಣದ ವಂಶವಾಹಿಯಲ್ಲಿ ಬೆಸೆದುಕೊಂಡು ಸುಮ್ಮನಿರುತ್ತದೆ. ಹೊರಗೆ ತೆಗೆದು ಬೆಳೆಸಿದಾಗ ಮೇಲೆದ್ದು ಬರುತ್ತದೆ. ಅಲ್ಲಿಯವರೆಗೆ ಅದು ಕಣ್ತಪ್ಪಿಸಿಕೊಂಡದ್ದು ಈ ಕಾರಣದಿಂದ.

ಮುಂದಿನ ದಶಕದಲ್ಲಿ ಪರೀಕ್ಷೆಗಳು ಬಂದವು. ಮೊದಲು ಜೆಲ್ ಪರೀಕ್ಷೆ. ಅಂಟಿನಂಥ ತಳದಲ್ಲಿ ಸಣ್ಣ ಗುಳಿ ತೋಡಿ, ಒಂದರಲ್ಲಿ ವೈರಸ್ಸಿನ ಪ್ರೋಟೀನು, ಪಕ್ಕದ್ದರಲ್ಲಿ ಹಸುವಿನ ಸೀರಂ ಹಾಕುವುದು. ಸೀರಂನಲ್ಲಿ ಪ್ರತಿಕಾಯ ಇದ್ದರೆ ನಡುವೆ ಬಿಳಿಗೆರೆ ಮೂಡುತ್ತದೆ. ಆಮೇಲೆ ಎಲೈಸಾ. ಇದು ಹೆಚ್ಚು ಸೂಕ್ಷ್ಮ, ಹಾಲಿನಲ್ಲೂ ಮಾಡಬಹುದು. ವೈರಸ್ಸಿನ ವಂಶವಾಹಿಯನ್ನೇ ಹಿಡಿಯುವ ಪಿಸಿಆರ್ ಕೊನೆಗೆ ಬಂತು. ಸೋಂಕು ತಗುಲಿ ಕೆಲವು ವಾರ ಪ್ರತಿಕಾಯ ಕಾಣುವುದಿಲ್ಲ, ಆಗ ಪಿಸಿಆರ್ ಬೇಕು. ಆರು ತಿಂಗಳೊಳಗಿನ ಕರುವಿನಲ್ಲಿ ಕಂಡ ಪ್ರತಿಕಾಯ ತಾಯಿಯ ಗಿಣ್ಣುಹಾಲಿನಿಂದ ಬಂದದ್ದೂ ಆಗಿರಬಹುದು, ಅಲ್ಲಿಯೂ ಪಿಸಿಆರ್ ಬೇಕು.

ಈ ಪರೀಕ್ಷೆಗಳು ತೋರಿಸಿದ ಚಿತ್ರ ಹೀಗಿದೆ. ಸೋಂಕಿನ ಹಸುಗಳಲ್ಲಿ ಸುಮಾರು ಮೂರನೇ ಒಂದು ಪಾಲಿನಲ್ಲಿ ಬಿಳಿಕಣ ಹೆಚ್ಚಾಗಿಯೇ ಉಳಿಯುತ್ತದೆ. ನೂರರಲ್ಲಿ ಐದಕ್ಕಿಂತ ಕಡಿಮೆ ಹಸುಗಳಿಗೆ ಗಡ್ಡೆಯ ಕ್ಯಾನ್ಸರ್ ಬರುತ್ತದೆ, ಅದೂ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಮೇಲೆ. ಉಳಿದವು ಹಾಲು ಕೊಡುತ್ತಾ, ಕರು ಹಾಕುತ್ತಾ, ವೈರಸ್ಸನ್ನು ಹಂಚುತ್ತಾ ಇರುತ್ತವೆ. ಇದಕ್ಕೆ ಮದ್ದಿಲ್ಲ. ಮಾರುಕಟ್ಟೆಯಲ್ಲಿ ಲಸಿಕೆಯೂ ಇಲ್ಲ.

ಹುಡುಕಿದ ದೇಶಗಳು ಗೆದ್ದವು. ಡೆನ್ಮಾರ್ಕಿನ ಜೊತೆ ಪಶ್ಚಿಮ ಯುರೋಪಿನ ಬಹುತೇಕ ದೇಶಗಳು, ನ್ಯೂಜಿಲೆಂಡ್ ಮುಕ್ತವಾದವು. ಆಸ್ಟ್ರೇಲಿಯಾದ ಹೈನು ಹಿಂಡುಗಳೂ ಮುಕ್ತವಾದವು. ವೈರಸ್ಸನ್ನು ಕಂಡುಹಿಡಿದ ಅಮೆರಿಕದಲ್ಲಿ ‘ಹಸು ಹಾಲು ಕೊಡುತ್ತಿದೆಯಲ್ಲ’ ಎಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಮಾಡಲಿಲ್ಲ. 2007ರ ಸಮೀಕ್ಷೆಯಲ್ಲಿ ಅಲ್ಲಿನ ನೂರಕ್ಕೆ 83.9ರಷ್ಟು ಹೈನು ಹಿಂಡುಗಳ ಹಾಲಿನಲ್ಲಿ ಬಿಎಲ್‌ವಿ ಪ್ರತಿಕಾಯ ಸಿಕ್ಕಿತು.

ನಮ್ಮಲ್ಲಿ ಹಿಂಡು ಎಂದರೆ ಊರು

ಈ ವೈರಸ್ ಗಾಳಿಯಲ್ಲಿ ಬರುವುದಿಲ್ಲ. ಅದು ಹೋಗಬೇಕಾದರೆ ಸೋಂಕಿನ ಬಿಳಿಕಣ ಒಂದು ದನದಿಂದ ಇನ್ನೊಂದಕ್ಕೆ ಹೋಗಬೇಕು. ಅದಕ್ಕೆ ಬೇಕಾದ ರಕ್ತ ಬಹಳ ಕಡಿಮೆ. ಕಣ್ಣಿಗೆ ಹನಿ ಎಂದೂ ಕಾಣದಷ್ಟು ರಕ್ತ ಸಾಕಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಹೊರದೇಶದ ಪುಸ್ತಕಗಳು ಹಿಂಡು ಎಂದಾಗ ಒಂದೇ ಕೊಟ್ಟಿಗೆಯ ಇನ್ನೂರು ಹಸುಗಳನ್ನು ಹೇಳುತ್ತವೆ. ನಮ್ಮಲ್ಲಿ ಮನೆಗೆ ಒಂದು, ಎರಡು. ಹಾಗೆಂದು ನಮ್ಮ ಹಸುಗಳು ಬೇರೆ ಬೇರೆ ಎಂದುಕೊಂಡರೆ ತಪ್ಪಾಗುತ್ತದೆ. ಅವುಗಳನ್ನು ಬೆಸೆಯುವ ದಾರಗಳನ್ನು ಎಣಿಸಿ ನೋಡಿ. ಲಸಿಕೆಯ ದಿನ ಊರ ಮುಂದೆ ಸಾಲಾಗಿ ನಿಲ್ಲುವ ದನ, ಚುಚ್ಚುವ ಸೂಜಿ. ಗರ್ಭ ಪರೀಕ್ಷೆಗೆ, ಕೃತಕ ಗರ್ಭಧಾರಣೆಗೆ ಭುಜದವರೆಗೆ ಹಾಕುವ ಕೈಗವಸು. ಮೂಗುದಾರಕ್ಕೆ ಮೂಗು ಚುಚ್ಚುವ ದಬ್ಬಣ. ಕೊಂಬು ಹೆರೆಯುವ ಕತ್ತಿ. ಕಿವಿಗೆ ಓಲೆ ಹಾಕುವ ಯಂತ್ರ. ಒಂದು ಮನೆಯಿಂದ ಇನ್ನೊಂದು ಮನೆಗೆ ಇವೆಲ್ಲ ಹೋಗುತ್ತವೆ. ಇದರ ಮೇಲೆ ಕಚ್ಚುವ ದೊಡ್ಡ ನೊಣಗಳು, ಸಂತೆಯಿಂದ ತಂದ ಹಸು, ಬರಗಾಲದಲ್ಲಿ ಹತ್ತಾರು ಊರಿನ ದನ ಒಂದೆಡೆ ಸೇರುವ ಗೋಶಾಲೆ. ಸೋಂಕಿನ ಹಸುವಿನ ಗಿಣ್ಣುಹಾಲು, ಹಸಿಹಾಲು ಕರುವಿಗೂ ದಾಟಿಸಬಹುದು. ಹೆಪ್ಪುಗಟ್ಟಿಸಿದ ವೀರ್ಯದ ಮೂಲಕ ಹರಡುವುದು ಮುಖ್ಯ ದಾರಿಯಲ್ಲ ಎಂಬುದನ್ನೂ ಹೇಳಬೇಕು. ಕಡ್ಡಿಗಿಂತ ಕೈಗವಸಿನ ಬಗ್ಗೆ ಎಚ್ಚರ ಬೇಕು.

ಇದೇ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಮಾದರಿ ಇದೆ. ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳ ಮಂದೆಗಳು. ಕಿಲಾರಿಗಳು ಕಾಯುವ ಈ ದನಗಳನ್ನು ಮಾರುವುದಿಲ್ಲ, ಸಂತೆಗೆ ಒಯ್ಯುವುದಿಲ್ಲ. ಮಂದೆ ತನ್ನೊಳಗೇ ಬೆಳೆಯುತ್ತದೆ. ಭಕ್ತಿಯಿಂದ ಬಂದ ಕಟ್ಟಳೆ ಅದು. ರೋಗ ಶಾಸ್ತ್ರದವರು ‘ಹೊರಗಿನ ದನ ಸೇರಿಸದ ಹಿಂಡು’ ಎಂದು ಪಾಠ ಮಾಡುವುದೂ ಅದನ್ನೇ. ಹಾಲಿಗಾಗಿ ಹಸು ಕೊಳ್ಳುವ ಬಡ ಮನೆಗೆ ಆ ಕಟ್ಟಳೆ ನಡೆಯದು. ಅದಕ್ಕೆ ಪರೀಕ್ಷೆಯೇ ಬೇಕು.

ಭಾರತದ ಕೆಲವು ಕಡೆ ದನಗಳಲ್ಲಿ ಈ ವೈರಸ್ಸಿನ ಪ್ರತಿಕಾಯ ಕಂಡ ವರದಿಗಳಿವೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಅನುಸೂಚಿಯಲ್ಲಿ ಇದರ ಹೆಸರಿದೆ. ಆದರೆ ನಮ್ಮ ಕಡೆ ಹಸು ಕೊಳ್ಳುವಾಗ ಈ ಪರೀಕ್ಷೆ ಕೇಳುವ ರೂಢಿ ಇಲ್ಲ. ಕೆಚ್ಚಲು ನೋಡುತ್ತಾರೆ, ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ರಕ್ತ ಯಾರೂ ನೋಡುವುದಿಲ್ಲ. ಇನ್ನೊಂದು ತೊಡಕೂ ಇದೆ. 
ಮಿಶ್ರತಳಿ ಹಸುವಿನ ಭುಜದ ಮುಂದಿನ ಗ್ರಂಥಿ ಊದಿಕೊಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಉಣ್ಣೆಯಿಂದ ಬರುವ ಥೈಲೇರಿಯಾ. ಅದು ಸಾಮಾನ್ಯವಾಗಿ ನಿಜವೂ ಹೌದು. ಕುರಿಯ ಪಿಪಿಆರ್ ದೊಡ್ಡರೋಗದ ಹೆಸರಿನಲ್ಲಿ ಅಡಗಿದ್ದಂತೆ, ಲಕ್ಷಣ ಒಂದೇ ಆಗಿರುವ ರೋಗದ ಹೆಸರಿನಲ್ಲಿ ಇನ್ನೊಂದು ಅಡಗಿರಲು ಜಾಗ ಇದ್ದೇ ಇದೆ.

ಹಾಲು ಕುಡಿಯುವವರು ಹೆದರಬೇಕೇ? ಹಾಲು ಕಾಯಿಸಿದರೆ, ಡೇರಿಯಲ್ಲಿ ಪಾಶ್ಚರೀಕರಿಸಿದರೆ ಈ ವೈರಸ್ ಸಾಯುತ್ತದೆ. ಅಮೆರಿಕದ ಗರ್ಟ್ರೂಡ್ ಬ್ಯೂರಿಂಗ್ ಅವರ ತಂಡ 2014, 2015ರಲ್ಲಿ ಮಹಿಳೆಯರ ಸ್ತನದ ಅಂಗಾಂಶದಲ್ಲಿ ಇದರ ವಂಶವಾಹಿ ಕಂಡಿತೆಂದು ಬರೆಯಿತು. ಬೇರೆ ಕೆಲವರಿಗೆ ಅದು ಸಿಗಲಿಲ್ಲ. ಮನುಷ್ಯರಿಗೆ ಇದರಿಂದ ರೋಗ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಹಸಿಹಾಲು ಕುಡಿಯಬೇಡಿ ಎನ್ನಲು ಕಂದುರೋಗ, ಕ್ಷಯ ಎಂಬ ಗಟ್ಟಿ ಕಾರಣಗಳು ಮೊದಲೇ ಇವೆ.

ಸಿಕ್ಕರೆ ಏನು ಮಾಡುವುದು?

ನಿಜವಾದ ಕಷ್ಟ ಇಲ್ಲಿದೆ. ಡೆನ್ಮಾರ್ಕ್ ಸೋಂಕಿನ ಹಿಂಡನ್ನು ಕಸಾಯಿಗೆ ಕಳಿಸಿತು, ರೈತರಿಗೆ ಸರ್ಕಾರ ನೆರವಾಯಿತು. ನಮ್ಮಲ್ಲಿ 2020ರ ಗೋಹತ್ಯೆ ತಡೆ ಕಾಯ್ದೆ ಇದೆ. ಬೇರೆ ದನಗಳಿಗೆ ಅಪಾಯಕಾರಿ ಸಾಂಕ್ರಾಮಿಕ ರೋಗ ಎಂದು ಪಶುವೈದ್ಯರು ಪ್ರಮಾಣಪತ್ರ ಕೊಟ್ಟರೆ ಅದರಲ್ಲಿ ವಿನಾಯಿತಿ ಉಂಟು. ಕಾಯ್ದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ದಿನಕ್ಕೆ ಹತ್ತು ಲೀಟರ್ ಕೊಡುವ, ಮೈಮೇಲೆ ಒಂದು ಕಲೆಯೂ ಇಲ್ಲದ, ಸಾಲದ ಕಂತು ಇನ್ನೂ ತೀರದ ಹಸುವನ್ನು ಕಾಗದದ ಮೇಲಿನ ಒಂದು ಪ್ಲಸ್ ಗುರುತಿಗಾಗಿ ಬಿಟ್ಟುಕೊಡಿ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಪರಿಹಾರದ ಮಾತಿಲ್ಲದೆ ಪರೀಕ್ಷೆ ಶುರುಮಾಡಿದರೆ ಆಗುವುದು ಒಂದೇ: ಸೋಂಕಿನ ಹಸು ಮುಂದಿನ ಸಂತೆಯಲ್ಲಿ ಕೈ ಬದಲಾಯಿಸುತ್ತದೆ. ಮಾರಿ ಪಕ್ಕದೂರಿಗೆ ದಾಟಿಹೋಗುತ್ತದೆ.

ಹಾಗಾಗಿ ಕೊಲ್ಲದೆಯೂ ತಡೆಯುವ ದಾರಿಗಳ ಬಗ್ಗೆ ಮೊದಲು ಮಾತಾಡಬೇಕು. ಅವು ದುಬಾರಿಯಲ್ಲ. ದನಕ್ಕೊಂದು ಸೂಜಿ. ಹಸುವಿಗೊಂದು ಕೈಗವಸು. ಕತ್ತಿ, ದಬ್ಬಣವನ್ನು ಒಂದು ದನದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ತೊಳೆದು ಕುದಿಸುವುದು. ಸೋಂಕು ಗೊತ್ತಾದ ಹಸುವಿಗೆ ಕೊನೆಯಲ್ಲಿ ಚುಚ್ಚುವುದು, ಅದರ ಕರುವಿಗೆ ಕಾಯಿಸಿದ ಹಾಲು. ಕಾಲುಬಾಯಿ ಜ್ವರ ಮತ್ತು ಕಂದುರೋಗದ ವಿರುದ್ಧ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಲಸಿಕೆ ಹಾಕುವವರು ಈಗಾಗಲೇ ಮನೆಮನೆಗೆ ಬರುತ್ತಿದ್ದಾರೆ, ದನದ ಕಿವಿಗೆ 12 ಅಂಕೆಯ ಓಲೆ ಬಿದ್ದಿದೆ. ದನ ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಬರೆದಿಡಲು ಹ್ಯಾಲನ್ ಆಯೋಗದ ಕಾಲದಲ್ಲಿ ಇಲ್ಲದ ಅನುಕೂಲ ಇದು.

ಹುಡುಕುವುದಕ್ಕೂ ಊರಲ್ಲೇ ಒಂದು ಜಾಗ ಇದೆ: ಡೇರಿಯ ಕ್ಯಾನು. ಬೆಳಿಗ್ಗೆ ಊರಿನ ಎಲ್ಲ ಹಾಲು ಅದರಲ್ಲಿ ಸೇರುತ್ತದೆ. ಅದರಿಂದ ಒಂದು ಚಿಕ್ಕ ಶೀಶೆ ಹಾಲು ತೆಗೆದು ಎಲೈಸಾ ಮಾಡಿದರೆ ಯಾವ ಹಸು ಎಂದು ತಿಳಿಯದು, ನೂರು ಹಸುಗಳ ಹಾಲಿನಲ್ಲಿ ಒಂದೇ ಹಸುವಿನ ಪ್ರತಿಕಾಯ ಕರಗಿ ತಪ್ಪಿಸಿಕೊಳ್ಳಲೂಬಹುದು. ಆದರೆ ಯಾವ ಊರಲ್ಲಿ ಮುಂದೆ ಹುಡುಕಬೇಕು ಎಂಬುದಕ್ಕೆ ದಾರಿ ಸಿಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿ ಪ್ರಾಣಿಗಳ ರೋಗ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ, ಹೆಬ್ಬಾಳದಲ್ಲಿ ರಾಜ್ಯದ ಹಳೆಯ ಸಂಸ್ಥೆ ಇದೆ, ಬಳ್ಳಾರಿಯಲ್ಲಿ ಹಾಲು ಒಕ್ಕೂಟ ಇದೆ. ಈ ಮೂವರು ಕೂತು ಮಾತಾಡಿದರೆ ಐದು ತಾಲ್ಲೂಕುಗಳ ಡೇರಿಗಳ ಹಾಲನ್ನು ಒಂದು ಸಲ ನೋಡುವುದು ಆಗದ ಕೆಲಸವಲ್ಲ.

ದೊಡ್ಡರೋಗದ ಕೊನೆಯ ದಿನಗಳಲ್ಲಿ ಊರೂರು ತಿರುಗಿದವರು ಕೇಳಿದ ಪ್ರಶ್ನೆಗೆ ಬಹುಪಾಲು ಊರುಗಳಲ್ಲಿ ಬಂದ ಉತ್ತರ ‘ಇಲ್ಲ’ ಎಂದೇ. ಆ ‘ಇಲ್ಲ’ವನ್ನು ಬರೆದಿಟ್ಟದ್ದರಿಂದಲೇ 2006ರ ಮಾನ್ಯತೆ ಸಿಕ್ಕಿತು. ಬಿಎಲ್‌ವಿಯ ವಿಷಯದಲ್ಲೂ ನಮ್ಮ ಊರುಗಳ ಉತ್ತರ ‘ಇಲ್ಲ’ ಎಂದೇ ಬಂದರೆ ಅದಕ್ಕಿಂತ ಒಳ್ಳೆಯದು ಬೇರೇನೂ ಇಲ್ಲ. ಅದನ್ನು ಹೇಳಬೇಕಾದದ್ದು ಪರೀಕ್ಷೆಯಾದ ರಕ್ತ, ಪರೀಕ್ಷೆಯಾದ ಹಾಲು. ಅದು ಆಗುವವರೆಗೆ, ಮುಂದಿನ ಲಸಿಕೆಯ ದಿನ ನಿಮ್ಮ ಹಸುವಿನ ಸರದಿ ಬಂದಾಗ ‘ಸೂಜಿ ಬದಲಾಯಿಸಿ ಸಾರ್’ ಎಂದು ಕೇಳಿ. ಕೇಳುವ ಹಕ್ಕು ಹಸುವಿನ ಯಜಮಾನರಿಗೆ ಇದೆ, ಹಗ್ಗ ಹಿಡಿದು ನಿಂತ ಅವ್ವಂದಿರಿಗೂ ಇದೆ.